ಎರಡು ಗಜ ನಾಲ್ಕು ಬೆರಳು

ಆಗಸ್ಟ್ 18, 2025. ಸೋಮವಾರ. ಬೆಳಿಗ್ಗೆ 5.50

ಹಾಲು ಉಕ್ಕಿ ಹೋಯಿತು. ಮತ್ತೆ. ಒಲೆಯ ಮುಂದೆ ಶಿವು ನಿಂತಿದ್ದರು. ನಿಂತಿದ್ದರು ಅಷ್ಟೇ, ಕಣ್ಣು ಫೋನಿನಲ್ಲಿ. ಯೂಟ್ಯೂಬಿನಲ್ಲಿ ಯಾವನೋ ಗಡ್ಡದವನು ಕಾರಿನ ಡಿಕ್ಕಿಗೆ ಸೂಟ್‌ಕೇಸ್ ತುಂಬುತ್ತಿದ್ದ. "ನೋಡು ರುದ್ರಾಣಿ, ಮೂರನೇದು ಹಿಡಿಸ್ತಾ ಇಲ್ಲ." ನಮ್ಮ ಮನೆಯಲ್ಲಿ ಇರುವುದೇ ಒಂದು ಸೂಟ್‌ಕೇಸ್. ಅದರ ತುಂಬ ಹಳೇ ಸ್ವೆಟರ್.

ನಾಲ್ಕು ತಿಂಗಳಿಂದ ಗಂಡ ಹೆಂಡತಿಗೆ ಇದೇ ಪಾರಾಯಣ. ನಿಯೋರಾ ಅಥವಾ ದಿಗಂತ್. ಎರಡೂ ಎಸ್‌ಯುವಿ, ಎರಡೂ ನಮ್ಮಿಬ್ಬರ ಸಂಬಳಕ್ಕೆ ಎಟುಕುವಂಥವು. ನಿಯೋರಾ ಚಿಕ್ಕದು — ನೆತ್ತಿಗೆ ಗಾಜಿನ ಕಿಂಡಿ, ಮುಂದೆ ಟಿವಿಯಷ್ಟು ಸ್ಕ್ರೀನ್. ದಿಗಂತ್ ದೊಡ್ಡದು — ಹಿಂದಿನ ಸೀಟಿನಲ್ಲಿ ಮೂರು ಜನ ಮನುಷ್ಯರ ಹಾಗೆ ಕೂರಬಹುದು. ಶಿವುಗೆ ಮೊದಲನೆಯದು. ನನಗೆ ಎರಡನೆಯದು. ಓಡಿಸುವವಳು ನಾನು. ಮನೆಯಲ್ಲಿ ಲೈಸೆನ್ಸ್ ಇರುವುದು ನನಗೊಬ್ಬಳಿಗೇ. ಶಿವು ಎರಡು ಸಲ ಟೆಸ್ಟಿಗೆ ಹೋಗಿ, ಎಂಟು ಹಾಕಲು ಹೋಗಿ ಸೊನ್ನೆ ಹಾಕಿ ಬಂದವರು.

ಮಗ್ಗದ ಕೋಣೆಯಲ್ಲಿ ಇನ್ನೂ ಸದ್ದಿಲ್ಲ. ಮಾವ ಐದೂವರೆಗೆಲ್ಲ ಮಗ್ಗದ ಗುಳಿಯೊಳಗೆ ಕಾಲು ಇಳಿಬಿಟ್ಟು ಕೂರುವವರು. ಮಗ್ಗಕ್ಕೆ ಏರಿಸಿದ ಈ ಹಾಸಿನ ನೂಲಿನಲ್ಲಿ ಇನ್ನೊಂದೇ ಸೀರೆ ಬಾಕಿ, ಅದನ್ನೇ ತಿಂಗಳಿಂದ ಎಳೆಯುತ್ತಿದ್ದಾರೆ. ನಮ್ಮ ಮಾವ ಗೋವಿಂದಯ್ಯನವರಿಗೆ ಸೋಮಾರಿತನ ಬಂದದ್ದನ್ನು ನಾನು ನೋಡಿದ್ದು ಇದೇ ಮೊದಲು.

ಬಸ್ಸಿಗೆ ಹೊತ್ತಾಯಿತು ಅಂತ ಮಗಳು ಸ್ಪಂದನ ಕೂಗುತ್ತಿದ್ದಾಳೆ. ಹಾಲಿಲ್ಲ. ಕಾಫಿ ಇಲ್ಲ.

ಆಗಸ್ಟ್ 20. ಸ್ಟಾಫ್ ರೂಮ್, ಮಧ್ಯಾಹ್ನ

ಬೆಳಿಗ್ಗೆ ಸ್ಕೂಟರ್. ಕೊಳ್ಳೇಗಾಲದಿಂದ ಮಾಂಬಳ್ಳಿ ಶಾಲೆಗೆ ಬರುವಷ್ಟರಲ್ಲಿ ಮಳೆ, ಮುಂದೆ ಕುಂತೂರು ಕಾರ್ಖಾನೆಯ ಕಬ್ಬಿನ ಟ್ರ್ಯಾಕ್ಟರ್. ಹಿಂದಿಕ್ಕಲೂ ಆಗದು, ಹಿಂದೆ ಹೋಗಲೂ ಆಗದು. ಸೀರೆಯ ತುಂಬ ಕೆಸರು. ಏಳನೇ ತರಗತಿಯ ಮಕ್ಕಳು ಮುಸಿಮುಸಿ ನಕ್ಕರು. ಬೋರ್ಡಿನ ಕಡೆ ತಿರುಗಿ ನಾನೂ ನಕ್ಕೆ. ಬೇರೇನು ಮಾಡಲಿ.

ಶಿವು ಹನೂರಿನ ಆಫೀಸಿನಿಂದ ಮೆಸೇಜ್ ಕಳಿಸಿದ್ದಾರೆ. ಎಕ್ಸೆಲ್ ಶೀಟ್. ಇಪ್ಪತ್ತೇಳು ಕಾಲಂ. 'ಆಂಬಿಯೆಂಟ್ ಲೈಟಿಂಗ್ — ಎಷ್ಟು ಬಣ್ಣ' ಅಂತ ಒಂದು ಕಾಲಂ. 'ಅಮ್ಮನ ಸೊಂಟ' ಅಂತ ಒಂದು ಕಾಲಂ ಇಲ್ಲ. ಅತ್ತೆಗೆ ಸೊಂಟದ ಆಪರೇಷನ್ ಆಗಿ ವರ್ಷ, ತಿಂಗಳಿಗೊಮ್ಮೆ ಮೈಸೂರಿಗೆ ಬಸ್ಸಿನಲ್ಲಿ ಕರೆದುಕೊಂಡು ಹೋಗುವವಳು ನಾನು. ಶೀಟಿಗೆ ಆ ಕಾಲಂ ನಾನೇ ಸೇರಿಸಿ ವಾಪಸ್ಸು ಕಳಿಸಿದೆ.

ಆಗಸ್ಟ್ 24. ಭಾನುವಾರ

ಟೆಸ್ಟ್ ಡ್ರೈವ್. ಎರಡೂ ಗಾಡಿ ಒಂದೇ ದಿನ. ಮನೆ ಮಂದಿ ಐವರೂ ಹೊರಟೆವು.

ಮೊದಲು ನಿಯೋರಾ. ಹಿಂದೆ ಅತ್ತೆ, ಮಾವ, ಸ್ಪಂದನ. ಉಪ್ಪಿನಕಾಯಿ ಜಾಡಿಯಲ್ಲಿ ಹೋಳು ತುಂಬಿದ ಹಾಗೆ. ಶಿವು ಮುಂದೆ ಕೂತು ಕಿಂಡಿ ತೆರೆಯುವುದು, ಮುಚ್ಚುವುದು, ತೆರೆಯುವುದು. ಯಳಂದೂರು ದಾರಿಯಲ್ಲಿ ದೂಳು ಬಂದು ಅತ್ತೆಗೆ ಕೆಮ್ಮು ಹತ್ತಿತು. "ಮುಚ್ಚಪ್ಪಾ ಅದ. ಮಳೆ ಬಂದ್ರೆ ಸೋರಕ್ಕೆ ನಮ್ಮನೆ ಎಂಚೇ ಸಾಕು" ಅಂದರು.

ಆಮೇಲೆ ದಿಗಂತ್. ಸೇಲ್ಸಿನ ಮಣಿಕಂಠ ಹನೂರು ಕಡೆಯವರು, ಮಾತಿಗೆ ಕೊನೆ ಇಲ್ಲ. ಅತ್ತೆ ಕಾಲು ಚಾಚಿ ಕೂತರು. ಸೊಂಟದ ಮೇಲೆ ಕೈ ಇಟ್ಟುಕೊಳ್ಳಲಿಲ್ಲ — ನಾನು ಕನ್ನಡಿಯಲ್ಲಿ ಅದನ್ನೇ ನೋಡುತ್ತಿದ್ದೆ. ಅಲ್ಲಿಗೆ ನನ್ನ ಪಾಲಿಗೆ ಎಕ್ಸೆಲ್ ಶೀಟು ಮುಗಿಯಿತು.

ಗಾಡಿ ನಿಲ್ಲಿಸಿದಾಗ ಮಾವ ಡ್ರೈವರ್ ಸೀಟಿನ ಕೆಳಗೆ ಬಗ್ಗಿ ನೋಡಿದರು.

"ಇದ್ಕೆ ಮೂರು ತುಳಿಯೋದಾ?"

"ಊ ಕಣಜ್ಜ. ಕ್ಲಚ್ಚು, ಬ್ರೇಕು, ಆಕ್ಸಿಲೇಟರು" ಅಂದರು ಮಣಿಕಂಠ.

"ನಮ್ ಮಗ್ಗದಲ್ಲಿ ಎರಡೇ." ಮಾವನಿಗೆ ಯಾಕೋ ಅದು ದೊಡ್ಡ ವಿಷಯ. ದಾರಿಯುದ್ದಕ್ಕೂ ಬೆರಳು ಮಡಚಿ ಒಂದು, ಎರಡು, ಮೂರು. ಎಳೆ ಎಣಿಸುವಾಗಿನಂತೆ, ಅವರ ಹಳೇ ಮನೆಮಾತಾದ ತೆಲುಗಿನಲ್ಲಿ.

ಆಗಸ್ಟ್ 27. ಗಣೇಶನ ಹಬ್ಬ

ಬಂದವರೆಲ್ಲ ಕಡುಬು ತಿಂದು ಅಭಿಪ್ರಾಯ ಕೊಟ್ಟು ಹೋದರು. ಒಬ್ಬರಿಗೆ ಡೀಸೆಲ್, ಒಬ್ಬರಿಗೆ ಸಿಎನ್‌ಜಿ. ಸೈಕಲ್ ಕೂಡ ಇಲ್ಲದ ಚಿಕ್ಕಮಾವ ಗ್ರೌಂಡ್ ಕ್ಲಿಯರೆನ್ಸ್ ಬಗ್ಗೆ ಅರ್ಧ ಗಂಟೆ ಮಾತಾಡಿದರು. ಹುಚ್ಚುಮುಂಡೆ ಮದುವೆಯಲ್ಲಿ ಉಂಡವನೇ ಜಾಣ. ಪಾತ್ರೆ ತೊಳೆದವಳು ನಾನು.

ಸೆಪ್ಟೆಂಬರ್ 4. ಗುರುವಾರ

ಜಿಎಸ್‌ಟಿ ಇಳಿಯುತ್ತದಂತೆ, 22ರಿಂದ. ಶಿವುಗೆ ಲಾಟರಿ ಹೊಡೆದ ಮುಖ. "ನಾನು ಹೇಳಿರ್ಲಿಲ್ವಾ, ಕಾಯೋಣ ಅಂತ." ಇವರು ಕಾದದ್ದು ಸರ್ಕಾರವನ್ನಲ್ಲ, ತೀರ್ಮಾನ ಮಾಡಲಾಗದೆ ಕಾದದ್ದು. ಈಗ ಶೀಟಿನ ಲೆಕ್ಕವೆಲ್ಲ ಮೊದಲಿಂದ.

ಸೆಪ್ಟೆಂಬರ್ 7. ಭಾನುವಾರ

ಇವತ್ತು ಗ್ರಹಣ, ಗಾಡಿಯ ಮಾತು ಎತ್ತಬಾರದು. ನಾಳೆಯಿಂದ ಪಿತೃಪಕ್ಷ, ಬುಕ್ ಮಾಡಬಾರದು. ಇದು ಅತ್ತೆಯ ಆಜ್ಞೆ. ಅಮಾವಾಸ್ಯೆ 21ಕ್ಕೆ, ಜಿಎಸ್‌ಟಿ 22ಕ್ಕೆ. ಪಿತೃಗಳೂ ಸರ್ಕಾರವೂ ಮಾತಾಡಿಕೊಂಡ ಹಾಗಿದೆ.

ಒಂದು ಒಳ್ಳೆಯದಾಯಿತು. ಹದಿನೈದು ದಿನ ಮನೆಯಲ್ಲಿ ಶಾಂತಿ... ಅಂದುಕೊಂಡೆ.

ಸೆಪ್ಟೆಂಬರ್ 9. ಸಂಜೆ

ಆರನೇ ತರಗತಿಗೆ ಉದ್ದದ ಅಳತೆ ಪಾಠ. ಬೆಂಚನ್ನು ಗೇಣಿನಲ್ಲಿ ಅಳೆಯಲು ಹೇಳಿದೆ. ಒಬ್ಬಳಿಗೆ ಹತ್ತು ಗೇಣು ಬಂತು, ಒಬ್ಬನಿಗೆ ಹನ್ನೆರಡು. ಜಗಳವಾಯಿತು. "ನೋಡಿದಿರಾ, ಅದಕ್ಕೇ ಎಲ್ಲರಿಗೂ ಒಂದೇ ಅಳತೆ ಬೇಕು" ಅಂತ ಭಾಷಣ ಬಿಗಿದೆ.

ಮನೆಗೆ ಬಂದರೆ ಮಣಿಕಂಠನ ಫೋನು. "ಮೇಡಂ, ಗಾಡಿ ಎಲ್ ನಿಲ್ಲುಸ್ತೀರಿ? ಅಳ್ತೆ ನೋಡ್ಕಂಡಿದ್ದೀರಾ? ಒಬ್ರು ಗಾಡಿ ತಕಂಡು ಓಗಿ ಆಮೇಕೆ ಗೇಟ್ ಕಿತ್ತಾಕ್ಸುದ್ರು."

ನಾಲ್ಕು ತಿಂಗಳು. ಇಪ್ಪತ್ತೇಳು ಕಾಲಂ. ಗಾಡಿ ಎಲ್ಲಿ ನಿಲ್ಲಿಸುವುದು ಅಂತ ಯಾರಿಗೂ ಹೊಳೆದಿಲ್ಲ. ನನಗೂ.

ಬೀದಿಯಲ್ಲಿ ಆಗುವುದಿಲ್ಲ. ನೇಯ್ಗೆಯವರ ಬೀದಿ. ಇನ್ನೂ ನಾಲ್ಕು ಮನೆಯವರು ಬೆಳಗಾದರೆ ಬೀದಿಯುದ್ದಕ್ಕೂ ಹಾಸು ಬಿಗಿದು ಎಳೆ ಸರಿ ಮಾಡುತ್ತಾರೆ. ಅಲ್ಲಿ ಸೈಕಲ್ ಒರಗಿಸಿದರೂ ಬೈಗುಳ. ಉಳಿದದ್ದು ಹಿತ್ತಲು. ಹಿತ್ತಲಿಗೆ ಹೋಗಲು ಮನೆ ಪಕ್ಕದ ಓಣಿ. ಓಣಿಯ ಈ ಕಡೆ ಮಗ್ಗದ ಕೋಣೆಯ ಗೋಡೆ, ಆ ಕಡೆ ಪಕ್ಕದ ಮನೆಯ ಗೋಡೆ.

ಸ್ಟೀಲ್ ಟೇಪ್ ಹುಡುಕಿದೆ. ಸಿಗಲಿಲ್ಲ. ಈ ಮನೆಯಲ್ಲಿ ಬೇಕಾದಾಗ ಏನು ಸಿಕ್ಕಿದೆ.

"ನಾ ಅಳೀತೀನಿ ಬುಡವ್ವ" ಅಂತ ಮಾವ ಎದ್ದರು. ಗಜಕೋಲು ತಂದರು. ಬೀಟೆಮರದ್ದು, ಎರಡೂ ತುದಿಗೆ ಹಿತ್ತಾಳೆ ಕಟ್ಟು. ಮಾವನ ಮದುವೆಯ ವರ್ಷ, ಹಾಸು ಕೊಟ್ಟು ನೇಯಿಸುತ್ತಿದ್ದ ಸಾಹುಕಾರರು ಕೊಟ್ಟದ್ದಂತೆ. ಆ ಕಾಲದಲ್ಲಿ ಬೀದಿಯ ಮನೆಮನೆಗೂ ಒಂದೊಂದು ಕೊಟ್ಟಿದ್ದರಂತೆ, ಅದರಲ್ಲಿ ಅಳೆದೇ ಸೀರೆ ಒಪ್ಪಿಸಬೇಕು. ಮಾವ ಓಣಿಯ ಇಕ್ಕಟ್ಟಾದ ಜಾಗದಲ್ಲಿ ಮೆಲ್ಲಗೆ ಬಗ್ಗಿ, ಒಂದು ಸಲ ಇಟ್ಟು, ಉಗುರಿನಲ್ಲಿ ಗುರುತು ಮಾಡಿ, ಇನ್ನೊಂದು ಸಲ ಇಟ್ಟರು. ಉಳಿದದ್ದಕ್ಕೆ ಬೆರಳು ಜೋಡಿಸಿದರು.

"ಎರಡು ಗಜ, ನಾಕು ಬೆರಳು."

ಬರೆದುಕೊಂಡೆ. ಗಜಕ್ಕೆ ಮೂರಡಿ, ನಾಲ್ಕು ಬೆರಳಿಗೆ ಮೂರಿಂಚು, ಒಟ್ಟು ಆರಡಿ ಮೂರು ಇಂಚು.

ಸೆಪ್ಟೆಂಬರ್ 10. ಬೆಳಿಗ್ಗೆ 6.10

ಬ್ರೋಷರ್ ತೆಗೆದು ಕೂತೆ. ಕನ್ನಡಿ ಮಡಚಿದರೆ ನಿಯೋರಾ ಐದಡಿ ಹತ್ತೂವರೆ. ಎರಡೂ ಕಡೆ ಎರಡು ಇಂಚಿನ ಮೇಲೆ ಜಾಗ. ಹುಷಾರಾಗಿ ಹೋದರೆ ಹೋಗುತ್ತದೆ. ದಿಗಂತ್ ಕನ್ನಡಿ ಮಡಚಿದರೂ ಆರಡಿ ಒಂದಿಂಚು. ಒಂದೊಂದು ಕಡೆಗೆ ಒಂದೇ ಇಂಚು. ಅದರಲ್ಲಿ ನಾನಿರಲಿ, ಇರುವೆಯೂ ಪಕ್ಕ ತಿರುಗಿಕೊಂಡು ಹೋಗಬೇಕು.

ಶಿವು ಗೆದ್ದ ನಗೆ ನಕ್ಕರು. "ಓಣಿನೇ ತೀರ್ಮಾನ ಮಾಡ್ತು." ಆ ನಗೆ ನೋಡಿ ಮೈಯೆಲ್ಲ ಉರಿಯಿತು.

"ಗೋಡೆ ಒಂದೂವರೆ ಅಡಿ ಒಳಗೆ ಹಾಕಿದರೆ?" ಅಂದೆ. ಬಾಯಿಂದ ಬಂದುಬಿಟ್ಟಿತು.

ಗೋಡೆ ಒಳಗೆ ಬಂದರೆ ಮಗ್ಗಕ್ಕೆ ಜಾಗವಿಲ್ಲ. ಗುಳಿ ಮಗ್ಗ, ನೆಲದಲ್ಲಿ ತೋಡಿದ್ದು, ಸರಿಸಲು ಬರುವುದಿಲ್ಲ. ಬಿಚ್ಚಿ ಇಳಿಸಬೇಕು. ಶಿವು ಚಟ್ನಿ ಕೇಳಿದರು.

ಸೆಪ್ಟೆಂಬರ್ 14. ಭಾನುವಾರ

ಇವತ್ತು ಪಂಚಾಯ್ತಿ. ಸ್ಪಂದನ ಓದುವ ನೆಪ ಹೇಳಿ ತಪ್ಪಿಸಿಕೊಂಡಳು. ಬುದ್ಧಿವಂತೆ.

ಶಿವು ಎಂದೂ ಇಲ್ಲದ ಪಿತೃಭಕ್ತಿಯಲ್ಲಿ ಮಾತಾಡಿದರು. "ಕಾರಿಗೋಸ್ಕರ ಅಪ್ಪನ ಮಗ್ಗ ಇಳಿಸೋದಾ? ಆಫೀಸಲ್ಲಿ ಎಲ್ರೂ ಕೇಳ್ತಾರೆ, ನಿಮ್ಮಪ್ಪ ಇನ್ನೂ ನೇಯ್ತಾರಾ ಅಂತ. ನಂಗೆ ಹೆಮ್ಮೆ." ಹೆಮ್ಮೆ ಸರಿ. ಮಗ್ಗದ ಕೋಣೆಯ ಬಲ್ಬು ಕೆಟ್ಟು ತಿಂಗಳಾಗಿತ್ತು, ಬದಲಿಸಿದವಳು ನಾನು.

ಅತ್ತೆ ಕಣ್ಣೊರೆಸಿಕೊಂಡರು. ತಮ್ಮ ಸೊಂಟದ ದೆಸೆಯಿಂದ ಇದೆಲ್ಲ ಬೇಡ ಅಂದರು. "ಕೈಕಾಲಾಡೋಗಂಟ ನೇಯೋನು ತಾನಾಗೇ ಮಗ್ಗ ಇಳ್ಸ್‌ಬಾರ್ದು ಕಣವ್ವ. ನಮ್ಮಲ್ಲಿ ಆಗಿ ಬರಾಕಿಲ್ಲ. ಗ್ವಾಡೆ ಬಿದ್ರೆ ಬ್ಯಾರೆ, ಮನ್ಸನೇ ಬಿದ್ರೆ ಬ್ಯಾರೆ."

ಮಾವ ಅಡಿಕೆ ಕತ್ತರಿಸುತ್ತ ಕೂತಿದ್ದರು. ತಲೆ ಎತ್ತಲಿಲ್ಲ.

"ದೊಡ್ಡದೇ ತಕಳಿ. ಗ್ವಾಡೆ ಒಡೀರಿ."

"ಬೇಡ ಮಾವ" ಅಂದೆ. ಅಂದೆ, ನಿಜ. ಒಂದೇ ಸಲ ಅಂದೆ. ಅದೂ ಮೆಲ್ಲಗೆ.

ಸೆಪ್ಟೆಂಬರ್ 22. ಸೋಮವಾರ

ಬುಕ್ ಆಯಿತು. ದಿಗಂತ್, ಬಿಳಿ. ಒಂದೇ ಸ್ಟಾಕ್ ಇದೆ, ಆಯುಧಪೂಜೆ ಹಿಂದಿನ ದಿನ ಡೆಲಿವರಿ ಅಂದರು ಮಣಿಕಂಠ. ಶಿವು ಸಹಿ ಹಾಕುವಾಗ ಪಕ್ಕದ ಶೋರೂಮಿನ ಕಡೆ ಒಮ್ಮೆ ನೋಡಿದರು. ಕಿಂಡಿಗೆ ವಿದಾಯ.

ಮಾವ ಕೊನೆಯ ಸೀರೆ ಮುಗಿಸಿದ್ದಾರೆ. ತಿಂಗಳುಗಟ್ಟಲೆ ಎಳೆಯುತ್ತಿದ್ದದ್ದು ಐದೇ ದಿನದಲ್ಲಿ ಮುಗಿಯಿತು. ಹೊಸ ಹಾಸನ್ನು ಕಟ್ಟು ಬಿಚ್ಚದೆ ನೇಕಾರರ ಸೊಸೈಟಿಗೆ ವಾಪಸ್ಸು ಕೊಟ್ಟು ಬಂದರು.

ನನಗೆ ಇಂದಿನಿಂದ ಸರ್ವೇ ಡ್ಯೂಟಿ. ದಸರಾ ರಜೆ ಅನ್ನುವುದು ಮಕ್ಕಳಿಗೆ ಮಾತ್ರ. ಮಾಂಬಳ್ಳಿಯ ಬೀದಿ ಬೀದಿ, ಮನೆ ಮನೆ.

ಸೆಪ್ಟೆಂಬರ್ 24. ಬುಧವಾರ

ಮಗ್ಗ ಇಳಿಸಿದರು. ದೀಪ ಹಚ್ಚಿ, ಕಾಯಿ ಒಡೆದು, ಹಗ್ಗ ಬಿಚ್ಚಿದರು. ಅಚ್ಚು, ಹಲಗೆ, ಲಾಳಿ ಎಲ್ಲವನ್ನೂ ಹಳೇ ಪಂಚೆಯಲ್ಲಿ ಸುತ್ತಿ ಅಟ್ಟಕ್ಕೆ. ಗಾರೆ ಕೆಲಸದ ದೇವರಾಜು ಗುಳಿಗೆ ಕಲ್ಲು ಮಣ್ಣು ತುಂಬಿದರು. ಶಿವು ರಜೆ ಹಾಕಿ ಬಂದು, ವಿಡಿಯೋ ಮಾಡಿ, ಅರ್ಧದಲ್ಲಿ ಫೋನ್ ಜೇಬಿಗಿಟ್ಟು ಹಿತ್ತಲಿಗೆ ಹೋದರು. ಅಳುತ್ತಿದ್ದರು. ಅವರ ಮೇಲೆ ನನಗೆ ಇದ್ದ ಅರ್ಧ ಸಿಟ್ಟು ಅಲ್ಲಿಗೆ ಹೋಯಿತು. ಉಳಿದರ್ಧ ಇದೆ.

ಮಾವ ಅಳಲಿಲ್ಲ. ಮಧ್ಯಾಹ್ನ ಎರಡು ಮುದ್ದೆ ಉಂಡು, ಜಗಲಿಯಲ್ಲಿ ಮಲಗಿ ಗೊರಕೆ ಹೊಡೆದರು. ದುಃಖ ಹೆಚ್ಚಾದರೆ ಹಿಂಗೂ ಆಯ್ತದೆ ಅಂದರು ಅತ್ತೆ.

ಸೆಪ್ಟೆಂಬರ್ 26

ಗೋಡೆ ಬಿತ್ತು. ಸಾಂಬಾರಿನಲ್ಲಿ ದೂಳು. ಹಾಸಿಗೆಯಲ್ಲಿ ದೂಳು. ಸರ್ವೇ ಫಾರಂ ತುಂಬಲು ಕೂತರೆ ಅದರ ಮೇಲೂ ದೂಳು.

ಸೆಪ್ಟೆಂಬರ್ 28. ಭಾನುವಾರ. ಬೆಳಿಗ್ಗೆ 11

ಬರೆಯಲೇಬೇಕು, ಹೇಳಲು ಯಾರೂ ಇಲ್ಲ.

ದೇವರಾಜು ಹೊಸ ಗೇಟಿಗೆ ಅಳತೆ ತೆಗೆಯುತ್ತಿದ್ದರು. ಹಳೇ ಗೋಡೆಯ ಅಡಿಪಾಯದ ಗೆರೆ ಇನ್ನೂ ನೆಲದಲ್ಲಿದೆ. ಸುಮ್ಮನೆ ಅಲ್ಲಿಂದ ಪಕ್ಕದ ಮನೆ ಗೋಡೆಗೆ ಟೇಪ್ ಹಿಡಿದರು.

"ಮೇಡಂ, ಗಾಡಿ ಎಷ್ಟ್ ಅಗಲ ಅಂದ್ರಿ?"

"ಆರಡಿ ಒಂದಿಂಚು. ಕನ್ನಡಿ ಮಡಚಿದರೆ."

"ಮತ್ತೆ ಗ್ವಾಡೆ ಯಾಕೊಡ್ಸುದ್ರಿ? ಇಲ್ಲಿ ಆರಡಿ ಏಳಿಂಚು ಇತ್ತಲ್ಲ. ಆ ಕಡೆ ಮೂರು, ಈ ಕಡೆ ಮೂರು. ನಿಮ್ಮ ಕೈಗೆ ಸಲೀಸಾಗಿ ಓಗ್ತಿತ್ತು."

ಆರಡಿ ಮೂರು ಅಲ್ಲವಾ ಅಂದೆ. ಟೇಪ್ ತೋರಿಸಿದರು. ಅವರನ್ನು ಟೀ ಕುಡಿಯಲು ಕಳಿಸಿ, ಅದೇ ಟೇಪ್ ತೆಗೆದುಕೊಂಡು ಒಳಗೆ ಹೋಗಿ ಗಜಕೋಲಿನ ಪಕ್ಕ ಇಟ್ಟೆ. ಮೂರು ಸಲ ಇಟ್ಟೆ.

ಗಜ ಅಂದರೆ ಮೂವತ್ತಾರು ಇಂಚು. ಈ ಕೋಲು ಮೂವತ್ತೆಂಟು.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದವಳು ನಾನು. ಆ ದಿನ ಬೆಳಿಗ್ಗೆ ಮಕ್ಕಳಿಗೆ ಅಳತೆಯ ಪಾಠ, ಸಂಜೆ ಸಾಹುಕಾರರ ಕೋಲನ್ನು ನಂಬಿ ಗೋಡೆ ಒಡೆಸಿದೆ. ಹತ್ತು ರೂಪಾಯಿಯ ಪ್ಲಾಸ್ಟಿಕ್ ಸ್ಕೇಲು ಬ್ಯಾಗಿನಲ್ಲಿತ್ತು. ಅದನ್ನಾದರೂ ಒಂದು ಸಲ ಪಕ್ಕಕ್ಕೆ ಹಿಡಿದಿದ್ದರೆ.

ಸಂಜೆ 4

ಇನ್ನೊಂದು ಈಗ ಹೊಳೆಯಿತು. ಹೊಳೆಯದಿದ್ದರೇ ಚೆನ್ನಾಗಿತ್ತು. ಸೊಸೈಟಿ ಸೇರುವ ಮೊದಲು ಮೂವತ್ತು ವರ್ಷ ಮಾವ ಈ ಕೋಲಿನಲ್ಲಿ ಅಳೆದೇ ಸಾಹುಕಾರರಿಗೆ ಸೀರೆ ಕೊಟ್ಟರು. ಗಜಕ್ಕೆ ಎರಡಿಂಚು, ಸೀರೆಗೆ ಒಂದಡಿ ಹೆಚ್ಚು ನೇಯ್ದಿದ್ದಾರೆ. ಪುಕ್ಕಟೆ. ಅತ್ತೆಯ ಮೈ ಮೇಲೆ ಆ ಮಗ್ಗದ ಒಂದು ರೇಷ್ಮೆ ಸೀರೆಯನ್ನೂ ನಾನು ನೋಡಿಲ್ಲ.

ಹೇಳಿದರೆ ಎರಡು ಸಲ ಕೊಂದ ಹಾಗೆ. ನಿಮ್ಮ ಮಗ್ಗ ಸುಮ್ಮಸುಮ್ಮನೆ ಹೋಯಿತು ಮಾವ, ಜೊತೆಗೆ ನಿಮ್ಮ ಮೂವತ್ತು ವರ್ಷವೂ. ಹೇಳದಿದ್ದರೆ ನಾನು ಕಳ್ಳಿ.

ಹೇಳುವುದಿಲ್ಲ. ಶಿವುಗೂ ಇಲ್ಲ.

ಸೆಪ್ಟೆಂಬರ್ 30

ಗಾಡಿ ಬಂತು. ಓಣಿಯಲ್ಲಿ ಆನೆ ಹೋಗುವಷ್ಟು ಜಾಗ. ಎಲ್ಲರೂ ಚಪ್ಪಾಳೆ ತಟ್ಟಿದರು. ಗಾಡಿ ಒಳಗೆ ತರುವಾಗ ನಾನು ಅಡಿಪಾಯದ ಗೆರೆಯನ್ನೇ ನೋಡುತ್ತಿದ್ದೆ. ಬಲಗಡೆ ಚಕ್ರ ಅದನ್ನು ಮುಟ್ಟಲಿಲ್ಲ. ಹತ್ತಿರಕ್ಕೂ ಹೋಗಲಿಲ್ಲ.

"ಯಾಕವ್ವ ಮೊಕ ಇಂಗದೆ? ನಿಂಗೆ ಬೇಕಾದ್ದೇ ಬಂತಲ್ಲ" ಅಂದರು ಅತ್ತೆ.

ಅಕ್ಟೋಬರ್ 1. ಆಯುಧಪೂಜೆ

ಇಷ್ಟು ವರ್ಷ ಇವತ್ತಿನ ಪೂಜೆ ಮಗ್ಗಕ್ಕೆ. ಇವತ್ತು ಗಾಡಿಗೆ. ಬೂದುಗುಂಬಳ, ನಿಂಬೆಹಣ್ಣು, ಬಾಳೆಕಂದು. ಶಿವು ಅರಿಶಿನದಲ್ಲಿ ಓಂ ಬರೆಯಲು ಹೋಗಿ ಬಾನೆಟ್ಟಿನ ತುಂಬ ಸೋರಿಸಿದರು.

ಕಡೆಯಲ್ಲಿ ಮಾವ ಒಳಗಿನಿಂದ ಗಜಕೋಲು ತಂದು ಬಾನೆಟ್ಟಿನ ಮೇಲೆ ಇಟ್ಟರು. "ಇದ್ಕೂ ಒಸಿ ಕುಂಕ್ಮ ಇಡವ್ವ. ಮಗ್ಗದ ಪೈಕಿ ಕೆಳಗುಳ್ದಿರೋದು ಇದೊಂದೇ."

ಆ ಸುಳ್ಳು ಕೋಲಿಗೆ ನನ್ನ ಕೈಯಾರೆ ಕುಂಕುಮ ಇಟ್ಟೆ. ಹಿಡಿದು ತಿರುಗಿಸುವಾಗ ಬೆರಳಿಗೆ ಏನೋ ತಗುಲಿತು. ಹಿಂಬದಿಯಲ್ಲಿ, ಹಿತ್ತಾಳೆ ತುದಿಯಿಂದ ಸ್ವಲ್ಪ ಕೆಳಗೆ, ಸಣ್ಣ ಗೀರು. ಹಳೇ ಕೋಲು, ಎಲ್ಲೋ ತಗುಲಿರಬೇಕು. ನೋಡಲು ಮನಸ್ಸಾಗಲಿಲ್ಲ.

ಕುಂಬಳಕಾಯಿಯ ಚೂರು ಸಿಡಿದು ಸೀರೆಗೆ ಬಿತ್ತು. ಹೊಸದು. ಸರಿ, ಅದೂ ಆಗಲಿ.

ಅಕ್ಟೋಬರ್ 3

ಅನ್ನ ಸೇರುವುದಿಲ್ಲ. ಗಾಡಿ ಓಡಿಸಿ ಅಂದರೆ ತಲೆನೋವು ಅನ್ನುತ್ತೇನೆ. ಶಿವುಗೆ ಅನುಮಾನ — "ನಿಯೋರಾನೇ ತಗೋಬೇಕಿತ್ತು ಅಂತ ಈಗ ಅನ್ನಿಸ್ತಿದೆಯಾ?" ಈ ಮನುಷ್ಯನಿಗೆ ಏನು ಉತ್ತರ ಕೊಡಲಿ.

ಅಕ್ಟೋಬರ್ 9. ಗುರುವಾರ. ಸಂಜೆ 5.30

ಹೇಳಿಬಿಟ್ಟೆ.

ಸರ್ವೇ ಮುಗಿಸಿ ಬಂದೆ. ಮನೆಯಲ್ಲಿ ಮಾವ ಒಬ್ಬರೇ, ಜಗಲಿಯಲ್ಲಿ. ಅತ್ತೆ ದೇವಸ್ಥಾನಕ್ಕೆ ಹೋಗಿದ್ದರು. ಮಾವ ಎದ್ದು ನನಗೆ ನೀರು ತಂದುಕೊಟ್ಟರು. ಅಳು ಬಂತು. ಅಳುತ್ತಲೇ ಎಲ್ಲ ಹೇಳಿದೆ — ದೇವರಾಜು ಟೇಪು, ಆರಡಿ ಏಳು, ಮೂವತ್ತೆಂಟು ಇಂಚು. ಗೋಡೆ ಒಡೆಯುವುದೇ ಬೇಕಿರಲಿಲ್ಲ ಮಾವ. ನಾನು ನೋಡಲಿಲ್ಲ. ನನ್ನಿಂದಲೇ ಮಗ್ಗ ಹೋಯಿತು.

ಮಾವ ಕೇಳಿದ್ದು ಒಂದೇ ಮಾತು.

"ಗಜಕ್ಕೆ ಎರಡಿಂಚು. ಅಲ್ವಾ?"

ನನ್ನ ಅಳು ನಿಂತಿತು. "ನಿಮಗೆ ಗೊತ್ತಿತ್ತಾ?"

"ಬೀದಿಗೇ ಗೊತ್ತಿತ್ತು ಕಣವ್ವ. ಕೇಳುದ್ರೆ ಸಾವ್ಕಾರ್ರು ನಾಳಿಂದ ಹಾಸು ಕೊಡ್ತಿರ್ಲಿಲ್ಲ. ಅವ್ರೂ ಓದ್ರು, ಕೋಲು ಉಳೀತು."

ಒಳಗೆ ಹೋಗಿ ಕೋಲು ತಂದು, ಹಿಂಬದಿ ತಿರುಗಿಸಿ, ನನ್ನ ಬೆರಳು ಹಿಡಿದು ಆ ಗೀರಿನ ಮೇಲೆ ಇಟ್ಟರು. "ಇಲ್ಲೀಗಂಟ ಮೂವತ್ತಾರು. ನಾನೇ ಕುಯ್ದದ್ದು, ಕೋಲು ಬಂದ ವರ್ಷವೇ. ಮನೆ ಅಳತೆಯೆಲ್ಲ ಈ ಗೀರಿಗೆ. ಈ ಜಗಲಿ, ಆ ಬಾಗ್ಲು, ಸ್ಪಂದನನ ತೊಟ್ಲು. ಸಾವ್ಕಾರ್ರ ಅಳತೆ ತುದಿಗೆ."

"ಮತ್ತೆ ಓಣಿ? ಓಣಿ ಯಾವುದರಲ್ಲಿ ಅಳೆದಿರಿ?"

ಮಾವ ಬೀದಿಯ ಕಡೆ ನೋಡಿದರು.

"ತುದಿಗೆ."

"ಯಾಕೆ ಮಾವ?"

"ಮಂಡಿ ಓಗದೆ ಕಣವ್ವ. ಎರಡು ವರ್ಷಾಯ್ತು. ಗುಳಿಗಿಳಿದ್ರೆ ಮೇಲೇಳಕ್ಕಾಗಲ್ಲ, ಗೂಟ ಹಿಡ್ಕಂಡು ಅರ್ಧ ಗಂಟೆ. ನಾನಾಗಿ ಇಳ್ಸಂಗಿಲ್ಲ, ನಿಮ್ಮತ್ತೆ ಅಂದ್ಲಲ್ಲ. ನಿನ್ ಗಂಡ ನಮ್ಮಪ್ಪ ಇನ್ನೂ ನೇಯ್ತಾನೆ ಅಂತ ಹನೂರೆಲ್ಲ ಸಾರ್ಕಂಡು ತಿರುಗ್ತಾನೆ. ನೀನು ಸ್ಕೂಲ್ ಮಕ್ಳ ಕರ್ಕಂಬಂದು ತೋರುಸ್ತೀಯ. ನಾ ಯಾರ್ಗೇಳ್ಲಿ." ಕೋಲು ಪಕ್ಕಕ್ಕಿಟ್ಟು — "ಆ ಕೋಲು ಮೂವತ್ತೊರ್ಷ ನನ್ನ ತಿಂತು. ಒಂದ್ಸಲ ನನ್ ಕಡೆ ಸುಳ್ಳೇಳ್ಲಿ ಅಂತ ಬುಟ್ಟೆ."

ಕೋಪ ಬಂತು. ಎಂಥ ಕೋಪ. ಹನ್ನೊಂದು ದಿನ ಅನ್ನ ಬಿಟ್ಟಿದ್ದೇನೆ ನಾನು. ಕುಂಕುಮ ಬೇರೆ ಇಟ್ಟೆ ಆ ಕೋಲಿಗೆ. "ಒಂದು ಮಾತು ಹೇಳಬಾರದಿತ್ತಾ" ಅಂತ ರೇಗಿದೆ. "ಏಳ್ಬೋದಿತ್ತು" ಅಂದರು, ತಪ್ಪು ಮಾಡಿದ ಏಳನೇ ತರಗತಿಯವನ ಹಾಗೆ ನೆಲ ನೋಡುತ್ತ.

ಆಮೇಲೆ ಕೋಪ ನನ್ನ ಕಡೆಗೇ ತಿರುಗಿತು. ಅತ್ತೆಯ ಸೊಂಟಕ್ಕೆ ನಾಲ್ಕು ತಿಂಗಳು ಸೀಟು ಹುಡುಕಿದೆ. ಮಾವನ ಮಂಡಿ ಹೇಗಿದೆ ಅಂತ ಒಂದು ದಿನವೂ ಕೇಳಿಲ್ಲ. ಬೆಳಿಗ್ಗೆ ಮಗ್ಗದ ಸದ್ದು ತಡವಾದರೆ ಸೋಮಾರಿತನ ಅಂತ ಇದೇ ಪುಸ್ತಕದಲ್ಲಿ ಬರೆದಿದ್ದೇನೆ. ಹಿಂದಿನ ಹಾಳೆ ತಿರುವಿ ನೋಡಿದೆ. ಇದೆ.

ಶಿವುಗೆ ಹೇಳಬೇಡ ಅಂದರು ಮಾವ. ಹೆಮ್ಮೆ ಇಟ್ಟುಕೊಳ್ಳಲಿ ಅಂತೆ.

ಅಕ್ಟೋಬರ್ 12. ಭಾನುವಾರ. ಬೆಳಿಗ್ಗೆ 8.40

ಬಿಳಿಗಿರಿರಂಗನ ಬೆಟ್ಟಕ್ಕೆ ಹೊರಟಿದ್ದೇವೆ. ಹೊರಟಿದ್ದೇವೆ ಅಂತ ಒಂದು ಗಂಟೆಯಿಂದ ಹೇಳುತ್ತಿದ್ದಾರೆ. ಸ್ಪಂದನ ತಲೆ ಬಾಚುತ್ತಿದ್ದಾಳೆ. ಶಿವು ಬೆಟ್ಟದ ರಸ್ತೆಗೆ ಯಾವ ಗೇರು ಅಂತ ವಿಡಿಯೋ ನೋಡುತ್ತಿದ್ದಾರೆ. ಓಡಿಸುವವಳು ನಾನು, ನೋಡುವವರು ಅವರು. ಅತ್ತೆ ಪುಳಿಯೋಗರೆ ಕಟ್ಟುವುದನ್ನು ಇನ್ನೂ ಮುಗಿಸಿಲ್ಲ.

ರಾತ್ರಿ ನಿದ್ದೆ ಬಂತು. ಹದಿನೈದು ದಿನದ ಮೇಲೆ. ಎಲ್ಲ ಸರಿ ಹೋಯಿತು ಅಂದುಕೊಂಡೇ ಎದ್ದೆ. ಮಾವನಿಗೆ ಬೇಕಾದದ್ದೇ ಆಯಿತು, ಅತ್ತೆಗೆ ಸೀಟು ಸಿಕ್ಕಿತು, ಬುಧವಾರ ಮಂಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ.

ಮಾವ ಎಲ್ಲರಿಗಿಂತ ಮೊದಲು ತಯಾರು. ಆಗಲೇ ಹಿತ್ತಲಿಗೆ ಹೋಗಿದ್ದಾರೆ. ಅಡುಗೆಮನೆ ಕಿಟಕಿಯಿಂದ ಕಾಣುತ್ತದೆ. ಹಿಂದಿನ ಸೀಟಲ್ಲ, ಡ್ರೈವರ್ ಸೀಟಿನಲ್ಲಿ ಕೂತಿದ್ದಾರೆ. ಬಾಗಿಲು ತೆರೆದಿದೆ. ಚಪ್ಪಲಿ ಹೊರಗೆ ಬಿಟ್ಟಿದ್ದಾರೆ, ದೇವಸ್ಥಾನಕ್ಕೆ ಬಂದವರ ಹಾಗೆ.

ಏನು ಮಾಡುತ್ತಿದ್ದಾರೆ ಅಂತ ಬಗ್ಗಿ ನೋಡಿದೆ. ಬರಿಗಾಲು. ಮೂರರಲ್ಲಿ ಎರಡನ್ನು ಮಾತ್ರ ತುಳಿಯುತ್ತಿದ್ದಾರೆ. ಎಡ, ಬಲ. ಎಡ, ಬಲ. ನಿಧಾನಕ್ಕೆ, ಒಂದೇ ಹದಕ್ಕೆ. ಇಪ್ಪತ್ತು ವರ್ಷ ಈ ಮನೆಯಲ್ಲಿ ಮಗ್ಗದ ಆ ಹದಕ್ಕೇ ಎದ್ದಿದ್ದೇನೆ, ಗೊತ್ತಾಗುವುದಿಲ್ಲವೇ. ನೇಯುವುದೇ ಬೇಡ ಅಂತ ಕೋಲಿನ ಕೈಲಿ ಸುಳ್ಳು ಹೇಳಿಸಿದವರ ಕಾಲು ಅದು.

ಹೋಗಿ ಪಕ್ಕದಲ್ಲಿ ಕೂರಬೇಕು. ಏನನ್ನೂ ಕೇಳಬಾರದು. ಎಡ, ಬಲ... ಅಯ್ಯೋ, ನಿನ್ನೆ ಹಿತ್ತಲ ಇಳಿಜಾರಿನಲ್ಲಿ ನಿಲ್ಲಿಸಿದಾಗ ನಾನು ಹ್ಯಾಂಡ್‌ಬ್ರೇಕ್ ಹಾಕಿದ್ದೆನಾ—